ಐದು ಲೀಟರ್ ಪೆಟ್ರೋಲಿನಲ್ಲಿ ಕಾಣೆಯಾದ ಒಂದು ಕಿಲೋ ಮುನ್ನೂರು ಗ್ರಾಮ್

ಇಂದ,
ಪ್ರಭುಲಿಂಗ, ತಂದೆ ಬಸಗೊಂಡಪ್ಪ, ವಯಸ್ಸು 28,
ಪೆಟ್ರೋಲ್ ಬಂಕ್ ನೌಕರ, ರಬಕವಿ.
(ಮುಂದೆ ಈ ಅರ್ಜಿಯಲ್ಲಿ ‘ಅರ್ಜಿದಾರ’. ಮನೆಯಲ್ಲಿ ಸದ್ಯಕ್ಕೆ ‘ಕಳ್ಳ’.)

ಗೆ,
ಮಾನ್ಯ ತೂಕ ಮತ್ತು ಅಳತೆ ನಿರೀಕ್ಷಕರು, ಜಮಖಂಡಿ.

ವಿಷಯ: ಪೆಟ್ರೋಲಿನ ಕಿಲೋವನ್ನು ಲೀಟರಿಗೆ ತಿರುಗಿಸುವ ಲೆಕ್ಕವನ್ನು ತಂದೆಯವರಿಗೆ ಸರ್ಕಾರದ ಬಾಯಿಂದ ಹೇಳಿಸಿ, ಅರ್ಜಿದಾರನನ್ನು ಮರಳಿ ಊಟದ ಸಾಲಿಗೆ ಸೇರಿಸುವ ಕುರಿತು.

ಉಲ್ಲೇಖ: 1) ತಂದೆಯವರ ಮೌಖಿಕ ಆದೇಶ, ಡಿಸೆಂಬರ್: “ಕಳ್ಳನ ಜೋಡಿ ನಾ ಉಣ್ಣಂಗಿಲ್ಲ.”
2) ಸದರಿಯವರ ಎರಡನೇ ಆದೇಶ, ಏಪ್ರಿಲ್: “ಆಗಳೇ ಹೇಳೇನಲ್ಲ.”

ಮಾನ್ಯರೇ,

1. ಅರ್ಜಿದಾರನ ತಂದೆ ಬಸಗೊಂಡಪ್ಪನವರು ನಲವತ್ತು ವರ್ಷ ಕೈಮಗ್ಗದಲ್ಲಿ ಸೀರೆ ನೇಯ್ದವರು. ಸಾವಕಾರ ನೂಲನ್ನು ತೂಗಿ ಕೊಡುವುದು, ನೇಯ್ದ ಸೀರೆಯನ್ನು ತೂಗಿ ತೆಗೆದುಕೊಳ್ಳುವುದು ಇಲ್ಲಿಯ ವಾಡಿಕೆ. ತೂಕ ಕಡಿಮೆ ಬಂದರೆ ನೇಕಾರ ನೂಲು ಕದ್ದನೆಂದೇ ಅರ್ಥ. ಕಾರಣ, ತಂದೆಯವರ ಮಟ್ಟಿಗೆ ತಕ್ಕಡಿಯಲ್ಲಿ ಕಡಿಮೆ ಬಂದದ್ದೆಲ್ಲ ಕಳವು. ಮಗ್ಗ ಬಿಟ್ಟು ಆರು ವರ್ಷವಾಗಿ, ತೂಗಲು ಏನೂ ಇಲ್ಲದಿದ್ದರೂ ಮನೆಯ ತಕ್ಕಡಿಗೆ ತಪ್ಪದೆ ತಮ್ಮ ಕಚೇರಿಯ ಮುದ್ರೆ ಹಾಕಿಸಿಕೊಂಡು ಬರುತ್ತಾರೆ.

2. ಕಳೆದ ಡಿಸೆಂಬರಿನಲ್ಲಿ ಚಹಾದಂಗಡಿಯ ಮುಂದೆ ಯಾರೋ, “ನಿಮ್ಮ ಮಗನ ಬಂಕಿನ್ಯಾಗ ಅಳತಿ ಕಡಿಮಿ ಅಂತ ನೋಡ್ರಿ” ಎಂದರು. ಅಂದವನ ಬಾಯಿ ಮುಚ್ಚಿಸಲೆಂದೇ ತಂದೆಯವರು ತಕ್ಕಡಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂಕಿಗೆ ಬಂದರು. ಮಗನ ಪರವಾಗಿ ಬಂದರು ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಬಂಕಿನ ಐದು ಲೀಟರಿನ ಅಳತೆ ಡಬ್ಬಿಯನ್ನು ತುಂಬಿಸಿ, ದೂರದ ಬೇವಿನ ಮರದ ಕೆಳಗೆ ತೂಗಲಾಯಿತು. ಡಬ್ಬಿಯ ತೂಕ ಕಳೆದು ಬಂದದ್ದು ಮೂರು ಕಿಲೋ ಏಳುನೂರು ಗ್ರಾಮ್.

“ಐದ ಕಿಲೋ ಇರಬೇಕಲ್ಲ?”

“ಪೆಟ್ರೋಲ್ ಹಗೂರ ಇರತೈತಪ್ಪಾ. ಲೀಟರಿಗೆ ಏಳನೂರ ನಲವತ್ತ ಗ್ರಾಮ್ ಅಷ್ಟ.”

“ನೀರ ಲೀಟರಿಗೆ ಒಂದ ಕಿಲೋ ತೂಗತೈತಿ. ನಿನ್ನ ಪೆಟ್ರೋಲಿಗೆ ಏನ ಜಡ್ಡ ಬಂದೈತಿ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮ್ಯಾನೇಜರ್ ಗಿರಿಮಲ್ಲಪ್ಪನವರು ಎದ್ದು ಬಂದು ಮೀಟರ್ ಮುಟ್ಟಿ ನೋಡಿಕೊಂಡರು. ಮೀಟರ್ ಸರಿಯಾಗಿಯೇ ಇತ್ತು.

3. ಡಬ್ಬಿ ತುಂಬಲು ಹತ್ತು ಸೆಕೆಂಡು ಹಿಡಿದದ್ದನ್ನು ತಂದೆಯವರು ಗಡಿಯಾರದಲ್ಲಿ ನೋಡಿಕೊಂಡಿದ್ದರು. ಅಂದರೆ ನಿಮಿಷಕ್ಕೆ ಇಪ್ಪತ್ತೆರಡು ಕಿಲೋ ಇನ್ನೂರು ಗ್ರಾಮ್. ಯಂತ್ರದ ಮೇಲೆ ಬರೆದದ್ದು ನಿಮಿಷಕ್ಕೆ ಮೂವತ್ತು ಲೀಟರ್. “ಮಿನಿಟಿಗೆ ಏಳ ಕಿಲೋ ಎಂಟನೂರ ಗ್ರಾಮ್ ಎಲ್ಲಿ ಹೊಂಟಾವು?” ಎಂದು ನಾಲ್ಕು ಜನ ಗಿರಾಕಿಗಳ ಮುಂದೆ ಕೇಳಿದರು. ಅರ್ಜಿದಾರನು ಒಂದು ರಟ್ಟಿನ ಮೇಲೆ, ನಿಮಿಷದ ಕಿಲೋವನ್ನು ಒಂದು ಲೀಟರಿನ ತೂಕದಿಂದ ಭಾಗಿಸಬೇಕು, 22.2 ÷ 0.74 = 30 ಎಂದು ಬರೆದು ತೋರಿಸಿದನು. ತಂದೆಯವರು ಅದನ್ನು ಎರಡು ಸಲ ಓದಿದರು.

“ಭಾಗಾಕಾರ ಮಾಡಿ ಕಳವು ಮುಚ್ಚತಿ ಏನ?” ಎಂದು ತಕ್ಕಡಿ ಕಟ್ಟಿಕೊಂಡು ಹೋದರು.

4. ಸತ್ಯಕ್ಕೆ ಸಾವಿಲ್ಲವೆಂದು ನಂಬಿ, ಅರ್ಜಿದಾರನೇ ಏಪ್ರಿಲಿನ ಬಿಸಿಲಿನಲ್ಲಿ ಅವರನ್ನು ಮತ್ತೆ ಕರೆದೊಯ್ದನು. ಇದು ಅರ್ಜಿದಾರನ ತಪ್ಪು. ಬೇಸಿಗೆಯಲ್ಲಿ ಪೆಟ್ರೋಲ್ ಹಿಗ್ಗುತ್ತದೆ, ಅದೇ ಲೀಟರಿನಲ್ಲಿ ತೂಕ ಇಳಿಯುತ್ತದೆ. ಈ ಸಲ ಬಂದದ್ದು ಮೂರು ಕಿಲೋ ಆರುನೂರ ಅರವತ್ತು. ಇನ್ನೂ ನಲವತ್ತು ಗ್ರಾಮ್ ಕಡಿಮೆ. ಆಗ ಹೊರಟದ್ದೇ ಉಲ್ಲೇಖ (2).

5. ಆದ್ದರಿಂದ ಐದು ತಿಂಗಳಿಂದ ತಂದೆಯವರು ಗೋಡೆಯ ಕಡೆ ಮುಖ ಮಾಡಿ ಒಬ್ಬರೇ ಉಣ್ಣುತ್ತಾರೆ. ತಾಯಿ ಅನಸವ್ವನವರು ಎರಡು ಸಲ ರೊಟ್ಟಿ ಬಡಿಸುತ್ತಾರೆ. ಅರ್ಜಿದಾರನಿಗೆ ಅಳು ಬರುತ್ತದೆ. ಇದಕ್ಕೆ ನಿಗದಿತ ನಮೂನೆ ಇಲ್ಲದ ಕಾರಣ ಹಾಗೆಯೇ ಬರೆದಿದೆ.

6. ಹೋದ ವಾರ ತಾಯಿಯವರು ಪೆಟ್ಟಿಗೆಯಿಂದ ಒಂದು ಸೀರೆ ತೆಗೆದು ಅರ್ಜಿದಾರನ ಮುಂದಿಟ್ಟರು.

“ನಲವತ್ತ ಗ್ರಾಮ್ ಅಂದಿ ನೋಡ, ಅದ ನಿಮ್ಮಪ್ಪಗ ನಟ್ಟೈತಿ. ನೀ ಹುಟ್ಟಿದ ವರ್ಷ ಶ್ರಾವಣದಾಗ ನೂಲ ತಂದಿದ್ರು. ನಾ ಬಾಣಂತನಕ್ಕ ತವರಿಗೆ ಹೋದ್ನಿ, ಕಂಡಿಕಿಗೆ ನೂಲ ಸುತ್ತಾವ್ರು ಯಾರೂ ಇರಲಿಲ್ಲ, ನೇಯೂದು ತಡಾ ಆತು. ಶಿವರಾತ್ರಿಗೆ ಸೀರಿ ಒಯ್ದ ಕೊಟ್ರ ನಲವತ್ತ ಗ್ರಾಮ್ ಕಡಿಮಿ ಬಂತು. ಮೊಳ ಹಾಕಿ ನೋಡ್ರಿ ಸಾವಕಾರ್ರ, ಹದಿನಾರ ಮೊಳ ಪೂರಾ ಐತಿ ಅಂದ್ರು. ನನಗ ಮೊಳ ಬ್ಯಾಡ, ತೂಕ ಬೇಕು ಅಂತ ಆತ ಮಂದಿ ಮುಂದ ಕಳ್ಳ ಅಂದು, ಈ ಸೀರಿ ಹೊರಗ ಒಗದಬಿಟ್ಟ. ಮರುದಿನಾನ ನಿಮ್ಮಪ್ಪ ಈ ತಕ್ಕಡಿ ತಂದ್ರು.”

7. ಬಂಕಿನಲ್ಲಿ ದಿನಾ ಬೆಳಿಗ್ಗೆ ಪೆಟ್ರೋಲಿನ ಸಾಂದ್ರತೆ ಬರೆದಿಡುವ ಅರ್ಜಿದಾರನಿಗೆ ಇದು ಕೂಡಲೇ ಹೊಳೆಯಿತು. ಮಳೆಗಾಲದ ನೂಲು ತೇವ ಕುಡಿದು ಭಾರವಾಗಿರುತ್ತದೆ, ಶಿವರಾತ್ರಿಯ ಒಣ ಹವೆಯಲ್ಲಿ ಹಗುರಾಗುತ್ತದೆ. ತೂಕ ಇಳಿದರೂ ಮೊಳ ಇಳಿಯುವುದಿಲ್ಲ. ತಂದೆಯವರು ಒಂದು ಎಳೆ ನೂಲೂ ಕದ್ದಿಲ್ಲ. ಇಪ್ಪತ್ತೆಂಟು ವರ್ಷ ಅವರಿಗೆ ಇದನ್ನು ಯಾರೂ ಹೇಳಿಲ್ಲ. ಅರ್ಜಿದಾರನೇ ಹೇಳಿದರೆ ಕಳ್ಳನಿಗೆ ಕಳ್ಳ ಸಾಕ್ಷಿ ಹೇಳಿದಂತಾಗುತ್ತದೆ. ಮುದ್ರೆ ಇರುವವರು ಹೇಳಿದರೆ ಮಾತ್ರ ಅವರು ಕೇಳುತ್ತಾರೆ.

ಆದ್ದರಿಂದ ತಾವು ಒಂದು ದಿನ ಊಟದ ಹೊತ್ತಿಗೆ ಮನೆಗೆ ದಯಮಾಡಿಸಿ, ಪೆಟ್ರೋಲನ್ನು ಲೀಟರಿನಲ್ಲೂ ಸೀರೆಯನ್ನು ಮೊಳದಲ್ಲೂ ಅಳೆದು, ಎರಡೂ ಪೂರ್ತಿ ಇವೆಯೆಂದು ಮುದ್ರೆ ಒತ್ತಿದ ಚೀಟಿಗಳನ್ನು ತಂದೆಯವರ ಕೈಗೆ ಕೊಡಬೇಕಾಗಿ ವಿನಂತಿ.

ತಮ್ಮ ಮುದ್ರೆಯ ಮೇಲೆ ವಿಶ್ವಾಸವಿಟ್ಟವ,
ಪ್ರಭುಲಿಂಗ

ಲಗತ್ತುಗಳು:
1) ಭಾಗಾಕಾರದ ರಟ್ಟಿನ ನಕಲು (ಮೂಲವನ್ನು ತಂದೆಯವರು ಬಿಸಾಡದೆ ತಕ್ಕಡಿಯ ಕೆಳಗೆ ಇಟ್ಟುಕೊಂಡಿದ್ದಾರೆ).
2) ಬಂಕಿನ ಸಾಂದ್ರತೆ ವಹಿಯ ಎರಡು ಪುಟಗಳ ನಕಲು.
3) ಸೀರೆ: ಲಗತ್ತಿಸಿಲ್ಲ. ತಾಯಿಯವರು ಮನೆಯಿಂದ ಹೊರಗೆ ಬಿಡುವುದಿಲ್ಲ.

ವಿ.ಸೂ.: ಕೆಲಸದ ಒತ್ತಡದಿಂದ ತಮಗೆ ಒಂದೇ ಚೀಟಿ ಬರೆಯಲು ಸಾಧ್ಯವಾದರೆ, ಸೀರೆಯದನ್ನು ಬರೆಯಬೇಕು. ಪೆಟ್ರೋಲಿನದು ಇರಲಿ.