ಚಾಪೆಯ ಮೇಲಿನ ಏಷ್ಯಾ

ನಮ್ಮ ಸೋದರಮಾವನ ಮನೆಗೆ ಹೋದವರು ಏಷ್ಯಾ ಖಂಡವನ್ನು ತಿನ್ನದೆ ವಾಪಸು ಬಂದದ್ದೇ ಇಲ್ಲ. ನಂಬುವುದಿಲ್ಲವೇ? ನಾಸಿಕಕ್ಕೆ ಬನ್ನಿ!

ಬ್ಯಾಂಕಿನಿಂದ ನಿವೃತ್ತರಾದವರು ತೀರ್ಥಯಾತ್ರೆಗೆ ಹೊರಡುತ್ತಾರೆ. ನಮ್ಮ ಮಾವ ಭಾನುವಾರ ಬಂತೆಂದರೆ ತರಕಾರಿ ಸಂತೆಗೆ ಹೊರಡುತ್ತಾರೆ. ತಂದದ್ದನ್ನೆಲ್ಲ ಪಡಸಾಲೆಯ ಚಾಪೆಯ ಮೇಲೆ ಸಾಲಾಗಿ ಇಡುತ್ತಾರೆ. ಏಷ್ಯಾದ ದೊಡ್ಡ ಬ್ಯಾಂಕುಗಳು, ಗಾತ್ರಕ್ಕೆ ತಕ್ಕಂತೆ! ಮೊದಲ ನಾಲ್ಕೂ ಚೀನಾದವು, ಆದ್ದರಿಂದ ನಾಲ್ಕು ಕುಂಬಳಕಾಯಿ. ಆಮೇಲೆ ಜಪಾನಿನ ಸೋರೆಕಾಯಿ. ನಮ್ಮ ದೇಶದ ಅತಿ ದೊಡ್ಡ ಬ್ಯಾಂಕೋ? ಪಕ್ಕದ ಪಿಂಪಳಗಾಂವದ ಒಂದು ಉಳ್ಳಾಗಡ್ಡಿ!

“ಅಯ್ಯ, ನಾವು ಇಷ್ಟಽ ಏನ್ರೀ ಮಾಮಾ?” ಎಂದು ಒಮ್ಮೆ ರೇಗಿದೆ.

“ಇದ್ದದ್ದು ಇದ್ದಂಗ ಇಡಬೇಕವಾ. ದೇಶಭಕ್ತಿ ಅಂತ ಉಳ್ಳಾಗಡ್ಡಿ ಉಬ್ಬತದೇನು?”

ಅತ್ತೆಗೆ ಅಡುಗೆಯದೇ ಚಿಂತೆ. “ಚೀನಾ ಒಂದು ಕೊಯ್ಯಲೇನ್ರೀ? ಹುಳಿಗೆ ಬೇಕಾಗ್ಯದ” ಎಂದು ಚಾಕು ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ.

ಇನ್ನೊಂದು ವಿಚಿತ್ರವಿದೆ. ಉಳ್ಳಾಗಡ್ಡಿಯ ಪಕ್ಕ ಅಂಗೈಯಗಲ ಜಾಗ ಯಾವಾಗಲೂ ಖಾಲಿ. ಅಲ್ಲಿ ನಾನು ಚಹಾದ ಬಸಿ ಇಟ್ಟರೆ “ಅಲ್ಲಿ ಬ್ಯಾಡ!” ಎಂದು ಹೌಹಾರಿದರು. ಯಾಕೆ ಎಂದು ಕೇಳಿದರೆ ಬಸಿ ಎತ್ತಿ ನನ್ನ ಕೈಗೇ ಇಟ್ಟರು. ಮಾವನ ಹುಚ್ಚಿನಲ್ಲಿ ಇದೂ ಒಂದು ಅಂದುಕೊಂಡೆವು.

ಮೊನ್ನೆ ಮಾವನ ಮಗಳು ಮೇಧಾ ಮೆಚ್ಚಿದ ಹುಡುಗ ಸಂಭಾಜಿನಗರದಿಂದ ಬಂದ. ಮೂಲ ಬೀದರದ ಕಡೆಯವನು, ಸಂಭಾಜಿನಗರದ ಪುಟ್ಟ ಸಹಕಾರಿ ಬ್ಯಾಂಕಿನಲ್ಲಿ ಕ್ಲರ್ಕು. ಅಪ್ಪ ಒಪ್ಪದೆ ಮದುವೆಯಿಲ್ಲ ಎಂದಿದ್ದಳು ಮೇಧಾ. ಬ್ಯಾಂಕನ್ನು ಗಾತ್ರದಿಂದಲೇ ಅಳೆಯುವ ಅಪ್ಪ ಒಪ್ಪಿಯಾರೇ? ಚಾಪೆ ಬಿಚ್ಚಿದ್ದು ಕಂಡೊಡನೆ “ಬಾಬಾ, ಆಜ್ ನಕೋ ನಾ!” ಎಂದು, ಇವತ್ತೊಂದು ದಿನ ಬೇಡವೆಂದು, ಮರಾಠಿಯಲ್ಲಿ ಗೋಗರೆದಳು. ಮಾವ ಕೇಳಿದರೆ ತಾನೆ! ಏಷ್ಯಾ ಪೂರ್ತಿ ಜೋಡಿಸಿ ಹುಡುಗನತ್ತ ತಿರುಗಿದರು.

“ನಿಮ್ಮ ಬ್ಯಾಂಕು ಇದರಾಗ ಎಲ್ಲಿ ಬರತದಪಾ?”

ಹುಡುಗ ಎದ್ದ. ಅತ್ತೆಯಿಂದ ಒಂದು ಸಾಸಿವೆ ಕಾಳು ಕೇಳಿ ಪಡೆದು, ಸೀದಾ ಆ ಖಾಲಿ ಜಾಗದಲ್ಲೇ ಇಟ್ಟುಬಿಟ್ಟ! ಮೇಧಾ ಕಣ್ಣು ಮುಚ್ಚಿಕೊಂಡಳು.

ಮಾವ ಆ ಕಾಳಿನತ್ತ ಕೈ ಚಾಚಿದರು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು.

“ಅಲ್ಲೇ ಇರಲಿ” ಎಂದರು ಕೊನೆಗೆ. “ನಾ ಮೊದಲ ಸೇರಿದ ಬ್ಯಾಂಕೂ ಇಷ್ಟಽ ಇತ್ತಪಾ. ದೊಡ್ಡದರಾಗ ವಿಲೀನ ಮಾಡಿದ್ರು. ಬೋರ್ಡು ಇಳಿಸೂಮುಂದ ಏಣಿ ಹಿಡದಾಂವ ನಾನಽ. ಈಗ ಅದರ ಹೆಸರು ಎಲ್ಲೂ ಇಲ್ಲ. ಅದಕ್ಕ ನಾನರ ಒಂದು ಜಾಗ ಇಡತೀನಿ.”

“ಮದುವಿ ಆದ ಮರುದಿನ ಇವರು ನನ್ನ ಕರಕೊಂಡು ಹೋಗಿ ತೋರಿಸಿದ್ದು ಆ ಬೋರ್ಡೇ. ನೀಲಿ ಬಣ್ಣದ್ದು” ಎಂದರು ಬಾಗಿಲಲ್ಲಿದ್ದ ಅತ್ತೆ, ಮೆಲ್ಲಗೆ.

ಮಾವ ಮೂಗೊರೆಸಿಕೊಂಡರು. “ನಿಮ್ಮ ಬೋರ್ಡು ಇನ್ನೂ ಅದ ಹೌದಲ್ಲೋ?”

“ಅದರೀ.”

“ಹಂಗಾರ ನಮ್ಮ ಮೇಧಾನ್ನ ಕರಕೊಂಡು ಹೋಗಿ ತೋರಿಸು.” ಆಮೇಲೆ ಅತ್ತೆಯತ್ತ ತಿರುಗಿದರು. “ಇನ್ನೂ ನಿಂತೀ ಯಾಕ? ಚೀನಾ ಕೊಯ್ಯಿ. ಅಳಿಯಂದ್ರು ಊಟಕ್ಕ ಇರತಾರ.”