ಹಾಲಿನ ಹೊತ್ತಿಗೆ ಮನೆ ಸೇರುವ ಸಂಸಾರ

ಹೆಂಡತಿ, ಮಗಳು, ಅವ್ವ ಮೂವರನ್ನೂ ಕಟ್ಟಿಕೊಂಡು ನಾನು ಸುತ್ತದ ಜಾಗವೇ ಇಲ್ಲ. ಕಾಶಿಯಲ್ಲಿ ಮುಳುಗಿದ್ದೇವೆ, ಕಾಶ್ಮೀರದಲ್ಲಿ ಜಾರಿದ್ದೇವೆ, ಸಿಂಗಪುರದ ಹೋಟೆಲಿನಲ್ಲಿ ಅವ್ವ "ಮುದ್ದೆ ಯಾವಾಗ ಬರುತ್ತೆ?" ಅಂತ ಕೇಳಿ ಅಡಿಗೆಯವರಿಗೆಲ್ಲ ಬೆವರಿಳಿಸಿದ್ದಾಳೆ.

ಸುಳ್ಳು. ನಾವು ದೊಡ್ಡಬಳ್ಳಾಪುರದ ಸುತ್ತಮುತ್ತ ಬಿಟ್ಟು ಎಲ್ಲಿಗೂ ಹೋದವರಲ್ಲ. ಆದರೆ ನಮ್ಮ ಮನೆಯವರು ಹೊಸಿಲು ದಾಟಿದರೆ ಸಾಕು, ಏನಾದರೊಂದು ಆಗಿಯೇ ತೀರುತ್ತೆ. ಬೇರೆಯವರು ದೂರದೂರಕ್ಕೆ ಹೋಗಿ ಮಾಡಿಕೊಳ್ಳುವ ಅವಾಂತರವನ್ನು ನಾವು ಊರ ಪಕ್ಕದಲ್ಲೇ ಮಾಡಿಕೊಂಡು ಬರ್ತೀವಿ.

ಇದಕ್ಕೆಲ್ಲ ಮೂಲ ಪುಟ್ಟಲಕ್ಷ್ಮಿ. ಹೆಸರು ಕೇಳಿ ಮೋಸ ಹೋಗಬೇಡಿ. ತೂಬಗೆರೆ ಪಕ್ಕದ ನಮ್ಮೂರಿನಲ್ಲಿ ಅಷ್ಟು ದೊಡ್ಡ ಸೀಮೆ ಹಸು ಇನ್ನೊಂದಿಲ್ಲ. ಅದು ನನ್ನ ಹೆಂಡತಿಗೆ ಬಿಟ್ಟು ಯಾರಿಗೂ ಹಾಲು ಕೊಡಲ್ಲ. ನಾನು ಬಕೆಟ್ ಹಿಡಿದು ಹತ್ತಿರ ಹೋದರೆ ಕಾಲು ಎತ್ತುತ್ತೆ. ಹಾಲು ಕರೆಯೋ ಮೆಷಿನ್ ತರಿಸಿದೆ, ಮೆಷಿನ್ನಿಗೂ ಒದೆಯಿತು. ಹಾಗಾಗಿ ಬೆಳಿಗ್ಗೆ ಡೇರಿಗೆ ಹಾಲು ಹಾಕಿದ ಮೇಲೆ ಹೊರಡಬೇಕು, ಸಂಜೆ ಕರೆಯೋ ಹೊತ್ತಿಗೆ ವಾಪಸ್ ಬಂದಿರಬೇಕು. ನಮ್ಮ ಪ್ರಪಂಚ ಅಷ್ಟೇ ಅಗಲ.

ನನ್ನ ಹೆಂಡತಿಗೆ ಇದ್ದದ್ದು ಒಂದೇ ಆಸೆ. ಬೂದಿಗೆರೆಯಲ್ಲಿ ಅವಳ ಅಕ್ಕ ಇದ್ದಾಳೆ. ಅವಳ ಮನೆಯಲ್ಲಿ ಒಂದು ರಾತ್ರಿ ಉಳಿಯಬೇಕು. "ಸಂಜೆ ಕಾಲು ಚಾಚ್ಕೊಂಡು ಕೂತು, ಅಕ್ಕನ ಜೊತೆ ಮಾತಾಡ್ತಾ ಮಾತಾಡ್ತಾ ಅಲ್ಲೇ ನಿದ್ದೆ ಹೋಗ್ಬಿಡ್ಬೇಕು ಕಣ್ರೀ. ಬೆಳಿಗ್ಗೆ ಯಾರೂ ಅಂಬಾ ಅಂತ ಎಬ್ಬಿಸ್ಬಾರ್ದು." ಹಸು ಬಂದಾಗಿನಿಂದ ಆ ಭಾಗ್ಯ ಅವಳಿಗೆ ಸಿಕ್ಕಿರಲಿಲ್ಲ. ಸಿಗುವ ಹಾಗೆ ಮಾಡೋದು ನಾನೇ ಅಂತ ಒಂದು ದಿನ ತೀರ್ಮಾನ ಮಾಡಿಬಿಟ್ಟೆ. ಅಲ್ಲಿಂದ ಶುರುವಾಯಿತು ನೋಡಿ.

ಗಡಿಯಾರ ಹಿಂದಕ್ಕೆ ತಿರುಗಿಸಿದ್ದು

ನಂದಿ ಬೆಟ್ಟಕ್ಕೆ ಜನ ಸೂರ್ಯ ಹುಟ್ಟೋದು ನೋಡೋಕೆ ಹೋಗ್ತಾರೆ, ಇಲ್ಲ ಮುಳುಗೋದು ನೋಡೋಕೆ ಹೋಗ್ತಾರೆ. ಎರಡೂ ಹಾಲು ಕರೆಯೋ ಹೊತ್ತು. ನಾವು ಹೋಗೋದು ನಡುಮಧ್ಯಾಹ್ನ, ನೆತ್ತಿ ಸುಡೋವಾಗ. ಬೆಟ್ಟದ ಮೇಲೆ ನಾವು ಮತ್ತು ಕೋತಿಗಳು.

ಒಂದು ಸಲ ಹೀಗೆ ಹೋದಾಗ ಉಪಾಯ ಮಾಡಿದೆ. ಒಮ್ಮೆ ತಡವಾಗಿ ಮನೆಗೆ ಹೋದರೆ ಹಸುವಿಗೂ ಅಭ್ಯಾಸವಾಗುತ್ತೆ, ಇವಳಿಗೂ ಧೈರ್ಯ ಬರುತ್ತೆ, ಆಮೇಲೆ ಬೂದಿಗೆರೆ ಸುಲಭ ಅಂದುಕೊಂಡೆ. ಹೆಂಡತಿಯ ಕೈಗಡಿಯಾರ, ಫೋನು ಎರಡನ್ನೂ ಗುಟ್ಟಾಗಿ ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆ. ಮಗಳಿಗೆ ಐಸ್‌ಕ್ರೀಮ್ ಕೊಡಿಸಿ ಬಾಯಿ ಮುಚ್ಚಿಸಿದೆ.

ಬಂಡೆ ಮೇಲೆ ಆರಾಮಾಗಿ ಕೂತಿದ್ದೆವು. ಹೆಂಡತಿ ಕೈಗಡಿಯಾರ ನೋಡಿದಳು. ಆಮೇಲೆ ನನ್ನ ಪಕ್ಕ ಬಂಡೆ ಮೇಲೆ ಬಿದ್ದಿದ್ದ ನೆರಳು ನೋಡಿದಳು. ಎದ್ದು ನಿಂತು ಸೆರಗು ಸಿಕ್ಕಿಸಿದಳು.

"ಏಳಿ, ಹಾಲಿನ ಹೊತ್ತಾಯ್ತು."

"ಇನ್ನೂ ಎಷ್ಟೊಂದು ಟೈಮಿದೆ ಕಣೇ, ನೋಡು ನಿನ್ನ ವಾಚು!"

"ನಿಮ್ಮ ನೆರಳು ನಿಮ್ಮ ಹೊಟ್ಟೆ ದಾಟಿ ಎಲ್ಲಿಗೋ ಹೋಗಿದೆ. ವಾಚು ತಿರುಗಿಸೋರು ಸೂರ್ಯನ್ನೂ ಸ್ವಲ್ಪ ತಿರುಗಿಸ್ಬೇಕಿತ್ತು."

ಐಸ್‌ಕ್ರೀಮ್ ತಿಂದ ಮಗಳು "ನಾನು ಆಗಲೇ ಹೇಳ್ದೆ ಅಮ್ಮಾ, ಅಪ್ಪ ಕೇಳ್ಲಿಲ್ಲ" ಅಂದುಬಿಟ್ಟಳು.

ವಿಮಾನದವನ ಮರ್ಯಾದೆ

ದೇವನಹಳ್ಳಿ ಕಡೆ ಬೇಲಿ ಪಕ್ಕ ನಿಂತರೆ ವಿಮಾನ ಇಳಿಯೋದು ಕಾಣುತ್ತೆ. ಎರಡು ಹಾಲಿನ ನಡುವೆ ಹೋಗಿ ಬರೋಕೆ ಹೇಳಿ ಮಾಡಿಸಿದ ಜಾಗ. ಚಿತ್ರಾನ್ನ ಕಟ್ಟಿಕೊಂಡು ಹೋದೆವು.

ನನಗೆ ಸುಮ್ಮನಿರೋಕೆ ಬರಲ್ಲ. "ಅವ್ವಾ, ಇಲ್ಲಿಂದ ಕೈ ಬೀಸಿದ್ರೆ ಪೈಲಟ್ಟು ಲೈಟ್ ಹಾಕ್ತಾನೆ" ಅಂದೆ. ಇಳಿಯೋ ವಿಮಾನಕ್ಕೆ ಹಗಲಲ್ಲೂ ಮುಂದುಗಡೆ ಲೈಟ್ ಉರೀತಿರುತ್ತೆ. ಅದು ಅವ್ವನಿಗೆ ಗೊತ್ತಿಲ್ಲ. ಬೀಸಿದಳು. ಲೈಟ್ ಕಾಣಿಸಿತು. ಅವ್ವನ ಮುಖ ನೋಡಬೇಕಿತ್ತು ನೀವು.

ಪಕ್ಕದಲ್ಲಿ ಸೂಲಿಬೆಲೆ ಕಡೆಯ ಒಂದು ಸಂಸಾರ ನಿಂತಿತ್ತು. "ಯಾರಾದ್ರೂ ನಿಮ್ಮೋರು ಬರ್ತಿದ್ದಾರಾ ಅಜ್ಜಿ?" ಅಂತ ಕೇಳಿದರು.

"ಎಲ್ಲಾ ನಮ್ಮೋರೇ ಕಣಪ್ಪಾ. ಮಾತಾಡಿಸಿದ್ರೆ ಮಾತಾಡಿಸ್ತಾರೆ, ನೀನೂ ಬೀಸು."

ಅವರೂ ಬೀಸಿದರು. ಸ್ವಲ್ಪ ಹೊತ್ತಿಗೆ ಬೇಲಿಯುದ್ದಕ್ಕೂ ಜನ ಬೀಸ್ತಾ ಇದ್ದರು. ದಾರಿಯಲ್ಲಿ ಹೋಗುತ್ತಿದ್ದ ಬೈಕಿನವನು ಯಾರೋ ಮಂತ್ರಿ ಬಂದಿರಬೇಕು ಅಂತ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಅವನೂ ಬೀಸಿದ.

ಹೊರಡುವ ಹೊತ್ತಾಯಿತು. ಅವ್ವ ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ.

"ಅತ್ತೆ, ಬನ್ನಿ. ಹಸು ಕೂಗ್ತಿರುತ್ತೆ" ಅಂದಳು ನನ್ನ ಹೆಂಡತಿ.

"ಇರವ್ವಾ, ಆ ನೀಲಿ ವಿಮಾನದೋನು ಈಗ ತಾನೇ ಬರ್ತಾವ್ನೆ. ನಾನು ಎದ್ದು ಹೋದ್ರೆ ಏನಂದ್ಕೊಂಡಾನು?"

ಅಂತೂ ಮನೆ ಸೇರಿದೆವು. ಗೇಟಿನ ಹತ್ತಿರ ಎದುರುಮನೆಯ ಯಜಮಾನರು ಫೋನು ನೋಡುತ್ತಾ ನಿಂತಿದ್ದರು. ಅವ್ವ ಅವರಿಗೆ ಕೇಳುವ ಹಾಗೇ ಅಂದಳು: "ಆಕಾಶದಲ್ಲಿ ಹೋಗೋನು ಲೈಟ್ ಹಾಕಿ ಮಾತಾಡಿಸ್ತಾನೆ. ಕೆಲವರಿಗೆ ಕತ್ತು ಎತ್ತೋಕೂ ಆಗಲ್ಲ."

ಪುಟ್ಟಲಕ್ಷ್ಮಿ ಲಿಫ್ಟ್ ಹತ್ತಿದ್ದು

ಅಷ್ಟರಲ್ಲಿ ಹೆಂಡತಿಯ ಅಕ್ಕ ಬೂದಿಗೆರೆಯಲ್ಲೇ ಹೊಸ ಅಪಾರ್ಟ್‌ಮೆಂಟಿನಲ್ಲಿ ಮನೆ ತಗೊಂಡಳು. ಮೂರನೇ ಮಹಡಿ, ದೊಡ್ಡ ಬಾಲ್ಕನಿ. "ಗೃಹಪ್ರವೇಶಕ್ಕೆ ಒಂದು ಹಸು ಬೇಕಲ್ಲಪ್ಪಾ, ಇಲ್ಲಿ ಎಲ್ಲೂ ಸಿಗ್ತಿಲ್ಲ" ಅಂತ ನನಗೆ ಫೋನ್ ಮಾಡಿದಳು.

ತಲೆಯಲ್ಲಿ ಬಲ್ಬ್ ಹತ್ತಿಕೊಂಡಿತು. ಹಸುವನ್ನೇ ಟೂರಿಗೆ ಕರೆದುಕೊಂಡು ಹೋದರೆ ಹಾಲು ಕರೆಯೋಕೆ ಮನೆಗೆ ಯಾಕೆ ಓಡಬೇಕು? ಹೆಂಡತಿ ಅಲ್ಲೇ ಕರೀತಾಳೆ, ಅಲ್ಲೇ ಉಳೀತಾಳೆ. ಟೆಂಪೋ ಮಾಡಿ ಪುಟ್ಟಲಕ್ಷ್ಮಿಗೆ ಅರಿಶಿನ ಕುಂಕುಮ ಹಚ್ಚಿ ಹೊರಟೇಬಿಟ್ಟೆವು.

ಗೇಟಿನಲ್ಲಿ ಸೆಕ್ಯೂರಿಟಿಯವನು ತಡೆದ. "ಸಾರ್, ಪ್ರಾಣಿಗೆ ಬೆಲ್ಟ್ ಇಲ್ದೆ ಲಿಫ್ಟಿಗೆ ಬಿಡಲ್ಲ. ರೂಲ್ಸು."

"ಬೆಲ್ಟ್ ಏನ್ ಗುರು, ಹಗ್ಗಾನೇ ಇದೆ ನೋಡು."

ಅವನು ರೂಲ್ಸಿನ ಬೋರ್ಡು ಓದಿ ನೋಡಿದ. ನಾಯಿ ಅಂತ ಇತ್ತು, ಬೆಕ್ಕು ಅಂತ ಇತ್ತು, ಹಸು ಅಂತ ಇರಲಿಲ್ಲ. ಬಿಟ್ಟ.

ಪುಟ್ಟಲಕ್ಷ್ಮಿ ಮೂರನೇ ಮಹಡಿಯ ಬಟನ್ನನ್ನು ಕೊಂಬಿನಲ್ಲಿ ತಾನೇ ಒತ್ತಿತು ಅಂತ ಬೇರೆ ಕಡೆ ಹೇಳ್ತೀನಿ. ನಿಮ್ಮ ಮುಖ ನೋಡಿದರೆ ನಂಬೋ ಹಾಗೆ ಕಾಣಲ್ಲ, ನಿಜ ಹೇಳಿಬಿಡ್ತೀನಿ. ಅದು ಲಿಫ್ಟಿನೊಳಗೆ ತಲೆ ಇಟ್ಟಿತು. ಎದುರಿನ ಕನ್ನಡಿಯಲ್ಲಿ ಇನ್ನೊಂದು ಹಸು ಕಾಣಿಸಿತು. ನಿಂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬಾಗಿಲು ಮುಚ್ಚೋಕೆ ಬರೋದು, ಹೊಟ್ಟೆಗೆ ತಾಗಿ ವಾಪಸ್ ಹೋಗೋದು. ಮುಹೂರ್ತ ಮೀರುತ್ತಿತ್ತು. ಮೆಟ್ಟಿಲಲ್ಲಿ ಇಳಿದು ಬಂದ ಪುರೋಹಿತರು ನೋಡಿದರು, ಯೋಚಿಸಿದರು.

"ಹಸು ಲಿಫ್ಟಿನೊಳಗೆ ತಲೆ ಇಟ್ಟಿದೆ. ಲಿಫ್ಟು ಮನೆವರೆಗೂ ಹೋಗುತ್ತೆ. ಅಲ್ಲಿಗೆ ಪ್ರವೇಶ ಆಯ್ತು. ಮಂಗಳಾರತಿ ತನ್ನಿ."

ಹಸುವನ್ನು ಕೆಳಗೆ ತೋಟದಲ್ಲಿ ಕಟ್ಟಿ ತಿಂಡಿಗೆ ಹೋದೆವು. ಆ ತೋಟದಲ್ಲಿ ಒಂದು ಗಿಡವನ್ನು ಆನೆ ಆಕಾರಕ್ಕೆ ಕತ್ತರಿಸಿ ಬೆಳೆಸಿದ್ದರಂತೆ. ಸೊಂಡಿಲು, ಕಿವಿ, ಬಾಲ ಎಲ್ಲ ಇತ್ತಂತೆ. ನಾವು ನೋಡಲಿಲ್ಲ. ನಾವು ಇಡ್ಲಿ ಮುಗಿಸುವಷ್ಟರಲ್ಲಿ ಪುಟ್ಟಲಕ್ಷ್ಮಿ ಆನೆಯನ್ನು ಮುಗಿಸಿತ್ತು.

ಅಪಾರ್ಟ್‌ಮೆಂಟಿನ ದೊಡ್ಡವರೆಲ್ಲ ಬಂದರು. ಮಧ್ಯಾಹ್ನದ ಊಟಕ್ಕೂ ಮೊದಲೇ ನಾವು ಮತ್ತೆ ಟೆಂಪೋದಲ್ಲಿದ್ದೆವು. ಹೆಂಡತಿ ನನ್ನನ್ನು ಬೈಯಲೂ ಇಲ್ಲ. ಕತ್ತು ತಿರುಗಿಸಿ ಆ ಬಾಲ್ಕನಿಯನ್ನೇ ನೋಡುತ್ತಿದ್ದಳು. ನನಗೂ ಒಂದು ಥರ ಆಯಿತು. ಹಿಂದುಗಡೆ ಪುಟ್ಟಲಕ್ಷ್ಮಿ ತೇಗಿತು.

ನೈಟಿ ಮತ್ತು ಬಸ್ಸಾರು

ಇನ್ನು ಉಪಾಯ ಬೇಡ, ನಾನೇ ಹಾಲು ಕರೆಯೋದು ಅಂತ ಹಠ ಹಿಡಿದೆ. ಹೆಂಡತಿಯನ್ನು ಬಲವಂತವಾಗಿ ಬೂದಿಗೆರೆಗೆ ಕಳಿಸಿದೆ. ಅವಳು ಬಸ್ಸು ಹತ್ತುವಾಗಲೂ "ರೀ, ಆಗ್ಲಿಲ್ಲ ಅಂದ್ರೆ ಒಂದು ಫೋನ್ ಮಾಡಿ, ಬಂದ್ಬಿಡ್ತೀನಿ" ಅಂದಳು. ಬಂದುಬಿಟ್ಟರೆ ಆ ರಾತ್ರಿ ಇನ್ನು ಈ ಜನ್ಮದಲ್ಲಿ ಸಿಗಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಸಂಜೆ ಅವಳ ಹಳೇ ನೈಟಿ ಹಾಕಿಕೊಂಡೆ. ಅವಳ ವಾಸನೆ ಬಂದರೆ ಹಸು ನಂಬುತ್ತೆ ಅಂತ ಊರಲ್ಲೆಲ್ಲ ಹೇಳ್ತಾರೆ. ತಲೆಗೆ ಟವೆಲ್ ಸುತ್ತಿ, ಕೊಟ್ಟಿಗೆಗೆ ಹೋಗಿ, ನಾಜೂಕಾಗಿ ಕೂತೆ. ಪುಟ್ಟಲಕ್ಷ್ಮಿ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿತು. ಮೀಸೆ ಹತ್ತಿರ ಸ್ವಲ್ಪ ಹೊತ್ತು ನಿಂತಿತು ಆ ನೋಟ. ಆಮೇಲೆ ಬಕೆಟ್ಟು ಒಂದು ಕಡೆ, ನಾನು ಒಂದು ಕಡೆ.

ಜಗಲಿಯಲ್ಲಿ ಕೂತಿದ್ದ ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಲೇ, ನೈಟಿ ಯಾಕಲಾ ನಿಂಗೆ? ಎರಡು ಹೊತ್ತೂ ನಿನ್ನ ಬೈಕೊಂಡೇ ಅಲ್ವೇನಲಾ ಅವಳು ಹಾಲು ಕರೆಯೋದು? ಹಸೂಗೆ ಆ ಬೈಗುಳ ಬೇಕು ಕಣ್ಲಾ!"

ಹೌದಲ್ಲ! ಫೋನ್ ಮಾಡಿ, ಸ್ಪೀಕರ್ ಹಾಕಿ, ಹಸುವಿನ ಪಕ್ಕ ಇಟ್ಟೆ.

"ರೀ, ಕಾಫಿ ಆಯ್ತಾ?" ಅಂದಳು ಹೆಂಡತಿ. ಧ್ವನಿಯಲ್ಲಿ ಜೇನು. ಬಾಲ್ಕನಿಯಲ್ಲಿ ಕಾಲು ಚಾಚಿ ಕೂತಿದ್ದಳಂತೆ. ಪುಟ್ಟಲಕ್ಷ್ಮಿ ಕಿವಿಯನ್ನೂ ಆಡಿಸಲಿಲ್ಲ.

ಬೈಸಿಕೊಳ್ಳಲೇಬೇಕಾಯಿತು. "ಬೀರೂ ಬೀಗದ ಕೈ ಕಳೆದುಹೋಯ್ತು ಕಣೇ" ಅಂತ ಸುಳ್ಳು ಬಿಟ್ಟೆ.

"ಹೋಗ್ಲಿ ಬಿಡಿ, ಅಲ್ಲೇ ಎಲ್ಲೋ ಇರುತ್ತೆ."

"ಹಾಲಿನ ಪಾತ್ರೆ ಸೀಯಿಸ್ಬಿಟ್ಟೆ."

"ನೆನೆ ಹಾಕಿ. ನಾನು ಬಂದು ಉಜ್ಜುತೀನಿ."

ನನ್ನ ಸಂಸಾರದಲ್ಲಿ ಇಷ್ಟು ಒಳ್ಳೇ ಹೆಂಡತಿ ಯಾವತ್ತೂ ಇರಲಿಲ್ಲ. ಡೇರಿ ಬಾಗಿಲು ಹಾಕೋ ಹೊತ್ತಾಗುತ್ತಿತ್ತು. ಕೊನೆಯ ಅಸ್ತ್ರ ತೆಗೆದೆ. "ಅಲ್ಲಿ ಬಸ್ಸಾರು ಮಾಡಿದ್ರೆ ಸ್ವಲ್ಪ ತಗೊಂಡ್ಬಾ. ನಿಮ್ಮಕ್ಕನ ಬಸ್ಸಾರಿನ ಮುಂದೆ ನಿನ್ನದು ಏನೂ ಇಲ್ಲ ಬಿಡು."

ಆಗ ಬಂತು ನೋಡಿ! "ಏನಂದ್ರಿ? ಇಷ್ಟು ವರ್ಷ ಚಪ್ಪರಿಸ್ಕೊಂಡು ತಿಂದ ನಾಲಿಗೆ ಯಾವುದ್ರೀ ಅದು?" ಪುಟ್ಟಲಕ್ಷ್ಮಿ ಕಿವಿ ನಿಮಿರಿಸಿತು. ಕೈ ಹಾಕಿದೆ. ಜರ್ರ್ ಅಂತ ಹಾಲು!

"ತಡೀರಿ, ಈಗಲೇ ಹೊರಟು ಬರ್ತೀನಿ!" ಅಂದಳು.

"ಬೇಡ ಕಣೇ, ನಿನ್ನದೇ ಚೆನ್ನಾಗಿರುತ್ತೆ" ಅಂದೆ. ಅವಳು ತಣ್ಣಗಾದಳು. ಹಾಲು ನಿಂತಿತು. "ಆದ್ರೆ ಉಪ್ಪು ಜಾಸ್ತಿ" ಅಂದೆ. ಹಾಲು ಬಂತು. ಬಿಸಿ ಹೆಚ್ಚಾದರೆ ಹೆಂಡತಿ ಬರ್ತಾಳೆ, ಕಮ್ಮಿಯಾದರೆ ಹಾಲು ನಿಲ್ಲುತ್ತೆ. ಒಲೆ ಉರಿ ಏರಿಸಿ ಇಳಿಸಿದ ಹಾಗೆ ಮಾಡಿ ಮಾಡಿ ಬಕೆಟ್ ತುಂಬಿಸಿದೆ. ಆಮೇಲೆ ನಿಜ ಹೇಳಿದೆ: "ನೀನು ಬರ್ಬೇಡ, ಮಲಗು. ಎಲ್ಲಾ ಹಸೂಗೋಸ್ಕರ ಹೇಳಿದ್ದು. ನಿಮ್ಮಕ್ಕನ ಬಸ್ಸಾರು ಬಾಯಿಗಿಡೋಕಾಗಲ್ಲ."

ಅವಳ ಫೋನೂ ಸ್ಪೀಕರಿನಲ್ಲಿತ್ತು. ಈ ಸಲ ಅಕ್ಕ ಶುರು ಮಾಡಿದಳು. ಪುಟ್ಟಲಕ್ಷ್ಮಿ ಇನ್ನೂ ಒಂದು ಚೊಂಬು ಕೊಟ್ಟಿತು.

ಊರ ತುಂಬ ಒಂದೇ ಧ್ವನಿ

ಹೆಂಡತಿ ಅಲ್ಲೇ ಉಳಿದಳು. ಆದರೆ ಬೆಳಿಗ್ಗೆ ಮತ್ತೆ ಕರೆಯಬೇಕಲ್ಲ? "ನಿದ್ದೆ ಕೆಡಿಸ್ಬೇಡಿ, ಈಗಲೇ ಬೈದು ಕಳಿಸ್ತೀನಿ" ಅಂತ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸಿದಳು. ಅಕ್ಕ ತಂಗಿ ಇಬ್ಬರೂ ಬಾಲ್ಕನಿಯಲ್ಲಿ ಕೂತು ಸಾವಕಾಶವಾಗಿ ತಯಾರು ಮಾಡಿದ್ದು. ನಾನು ಮೋಟಾರ್ ಆಫ್ ಮಾಡದೆ ಮಲಗಿದ್ದು, ಸಂತೆಯಲ್ಲಿ ಕೊತ್ತಂಬರಿ ಅಂತ ಪುದೀನ ತಂದದ್ದು, ಒಂದೂ ಬಿಟ್ಟಿರಲಿಲ್ಲ. ಕೊನೆಗೆ "ನಿಮಗೆ ಬುದ್ಧಿ ಯಾವಾಗ್ರೀ ಬರುತ್ತೆ?" ಅಂತ ಮುಕ್ತಾಯ. ಬೆಳಿಗ್ಗೆ ಅದನ್ನು ಹಾಕಿದೆ. ಹಾಲು ಧಾರಾಳ. ಹೆಂಡತಿ ಬಿಸಿಲು ಬರೋವರೆಗೂ ಮಲಗಿದ್ದಳಂತೆ.

ಅಲ್ಲಿಗೆ ಮುಗಿಯಬೇಕಿತ್ತು. ಎದುರುಮನೆಯ ಯಜಮಾನರು ಬಂದರು. ಅವರ ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು, ಅವರ ಹಸುವೂ ಮುಷ್ಕರ ಹೂಡಿತ್ತು. "ಅದೇನೋ ಬೈಗುಳ ಇದ್ಯಂತಲ್ಲಪ್ಪಾ, ನಂಗೂ ಕಳಿಸು" ಅಂದರು. ನನ್ನ ಹತ್ತಿರ ಕನ್ನಡಕ ಇರಲಿಲ್ಲ. ಅವರಿಗೆ ಅಂತ ಒತ್ತಿದ್ದು ಊರಿನ ಡೇರಿ ಗ್ರೂಪಿಗೆ ಹೋಯಿತು.

ಈಗ ಸಂಜೆಯಾದರೆ ನಮ್ಮೂರ ಪ್ರತಿ ಕೊಟ್ಟಿಗೆಯಲ್ಲೂ ನನ್ನ ಹೆಂಡತಿ ನನ್ನನ್ನು ಬೈತಾಳೆ. ಈ ಮನೆಯಲ್ಲಿ "ನಿಮಗೆ ಬುದ್ಧಿ" ಅಂತ ಬಂದರೆ, ಆ ಮನೆಯಲ್ಲಿ "ಯಾವಾಗ್ರೀ ಬರುತ್ತೆ" ಅಂತ ಬರುತ್ತೆ. ಡೇರಿಯವನು ನನ್ನ ಕಂಡರೆ "ಮೋಟಾರ್ ಆಫ್ ಮಾಡಿದ್ಯಾ ಅಣ್ಣಾ?" ಅಂತಾನೆ. ಹೆಂಡತಿಗೆ ನಾಚಿಕೆಯಾಗುತ್ತೇನೋ ಅಂದುಕೊಂಡರೆ, "ಊರಿಗೆ ಗೊತ್ತಿಲ್ದೇ ಇರೋದು ಏನಿತ್ತು ಅದ್ರಲ್ಲಿ?" ಅಂದುಬಿಟ್ಟಳು. ಈಗ ಮನಸ್ಸಾದಾಗಲೆಲ್ಲ ಬೂದಿಗೆರೆಗೆ ಹೋಗ್ತಾಳೆ. ಇವತ್ತೂ ಹೋಗಿದ್ದಾಳೆ. ಮಗಳು ಫೋನಿನಲ್ಲಿ ಆ ಬೈಗುಳ ಹಾಕಿಕೊಂಡು ಹಾಲು ಕರೀತಾಳೆ.

ಅದಕ್ಕೇ ಈ ಹೊತ್ತಿನಲ್ಲಿ ನಾನು ಊರೊಳಗೆ ಇರಲ್ಲ. ಬಸ್ ಸ್ಟಾಪಿನ ಈ ಟೀ ಅಂಗಡಿಗೆ ಬಂದು ಕೂರ್ತೀನಿ, ನಿಮ್ಮಂಥವರು ಯಾರಾದರೂ ಸಿಕ್ತಾರೆ. ಇನ್ನೊಂದು ಟೀ ಹೇಳಿ. ದುಡ್ಡು ನೀವೇ ಕೊಟ್ಟುಬಿಡಿ. ಪರ್ಸು ಮನೆಯಲ್ಲಿದೆ. ತರೋಣ ಅಂದರೆ ಇಡೀ ಬೀದಿ ದಾಟಬೇಕು, ಅದೂ ಈಗ.