ಚಾ ಕೊಡದ ಜಾಲತಾಣ

ತನ್ನ ಜಾಲತಾಣಕ್ಕೆ ಬಂದುಹೋಗುವವರನ್ನು ಪ್ರಮಾಣಪತ್ರವಿಲ್ಲದವರು ಎಣಿಸುವುದು ಬರುವ ಯುಗಾದಿಯಿಂದ ನಿಷಿದ್ಧವೆಂದು ಬೆಟಗೇರಿಯ ತ್ರಿತಾಲೂಕು ಸೀರೆ ವ್ಯಾಪಾರಸ್ಥರ ಸಂಘವು ಸರ್ವಾನುಮತದಿಂದ ಠರಾಯಿಸಿತು. ಸಂಘದಲ್ಲಿ ಎಣಿಸುವವಳು ಇದ್ದದ್ದೇ ಒಬ್ಬಳು, ಸುನಿತಾ. ಯಾರು ಬಂದರು, ಯಾವ ಸೀರೆ ನೋಡಿದರು, ಎಲ್ಲಿ ಬೇಸತ್ತು ಎದ್ದುಹೋದರು ಎಂದು ಹೇಳುವುದೇ ಅವಳ ನೌಕರಿ. ಪ್ರಮಾಣಪತ್ರದ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಆ ನೌಕರಿ ಇಲ್ಲ. ಮನೆ ನಡೆಯುತ್ತಿದ್ದದ್ದೋ ಅವಳ ಪಗಾರದ ಮೇಲೆ. ಅಂಥ ಪರೀಕ್ಷೆಯೇ ಇನ್ನೂ ಹುಟ್ಟಿರಲಿಲ್ಲವಾದ್ದರಿಂದ ಅದನ್ನು ಹುಟ್ಟಿಸಲು ಒಂದು ಮಂಡಳಿ ರಚನೆಯಾಯಿತು.

ಸಂಘದ ಅಧ್ಯಕ್ಷರಾದ ಲಕ್ಷ್ಮೇಶ್ವರದ ದೇವೇಂದ್ರಪ್ಪನವರೇ ಮಂಡಳಿಗೂ ಅಧ್ಯಕ್ಷರು. ಮುಂಡರಗಿಯ ಸೀರೆ ವ್ಯಾಪಾರಿ ರಹಮಾನಸಾಬರು, ಶಿರಹಟ್ಟಿಯ ಗುರುಸಿದ್ದವ್ವನವರು ಸದಸ್ಯರು. ಮೂವರಿಗೂ ವಿಷಯದ ಗಂಧಗಾಳಿ ಇಲ್ಲದ ಕಾರಣ ಪಕ್ಷಪಾತಕ್ಕೆ ಆಸ್ಪದವಿರಲಿಲ್ಲ. ಪ್ರಶ್ನೆಗಳನ್ನು ಸುನಿತಾ ತಯಾರಿಸತಕ್ಕದ್ದು, ಉತ್ತರಗಳನ್ನು ಮಂಡಳಿ ನಿರ್ಧರಿಸತಕ್ಕದ್ದು ಎಂದು ನಿಯಮವಾಯಿತು.

ಸುನಿತಾ ಮೊದಲ ಪ್ರಶ್ನೆ ಓದಿದಳು: "ಜನ ನಮ್ಮ ತಾಣಕ್ಕ ಬರ್ತಾರ, ಬಂದ ಕೂಡ್ಲೇ ಹೊಳ್ಳಿ ಹೋಗ್ತಾರ. ಯಾಕ?"

"ನೀನ ಹೇಳು ತಂಗಿ," ಎಂದರು ಅಧ್ಯಕ್ಷರು.

"ಪುಟ ತೆರೀಲಿಕ್ಕೆ ಭಾಳ ಹೊತ್ತು ಹಿಡೀತೈತ್ರಿ. ಮ್ಯಾಲಿನ ಫೋಟೋ ಭಾಳ ದೊಡ್ಡದೈತ್ರಿ."

ಮೇಲಿನ ಫೋಟೋ ಅಧ್ಯಕ್ಷರದು. ರೇಶಿಮೆ ರುಮಾಲು ಸುತ್ತಿ ಸನ್ಮಾನ ಮಾಡಿಸಿಕೊಂಡಾಗ ತೆಗೆಸಿದ್ದು. ಅಧ್ಯಕ್ಷರು ಉಳಿದಿಬ್ಬರು ಸದಸ್ಯರ ಮುಖ ನೋಡಿದರು.

ಗುರುಸಿದ್ದವ್ವನವರೇ ದಾರಿ ತೋರಿಸಿದರು. "ಬಂದವ್ರಿಗೆ ಚಾ ಕೊಟ್ಟೀಯೇನ ಯವ್ವಾ?"

"ಜಾಲತಾಣದಾಗ ಚಾ ಹ್ಯಾಂಗ ಕೊಡೂದ್ರೀ ಅವ್ವಾರ?"

"ಮತ್ತ ಯಾಕ ಕುಂಡ್ರತಾರ? ಚಾ ಸುದ್ದಾ ಕೇಳದ ಮನಿಗೆ ಯಾರರ ಎರಡನೇ ಸಲ ಬರ್ತಾರನು?"

"ಖರೆ ಐತಿ," ಎಂದರು ರಹಮಾನಸಾಬರು. "ನಮ್ಮ ಅಂಗಡ್ಯಾಗ ಮೊದಲ ಚಾ, ಆಮ್ಯಾಲ ಸೀರಿ."

"ಆತು, ಬರಕೋ," ಎಂದರು ಅಧ್ಯಕ್ಷರು, ಉಸಿರು ಬಿಟ್ಟು. ಮಾದರಿ ಉತ್ತರ ಸಿದ್ಧವಾಯಿತು: "ಬಂದವರಿಗೆ ಚಹಾ ನೀಡದಿರುವುದರಿಂದ."

ಪರೀಕ್ಷೆಯಲ್ಲಿ ಸುನಿತಾ ಹಟ ಹಿಡಿದು ಫೋಟೋದ ಕಾರಣವನ್ನೇ ಬರೆದಳು. ಪ್ರಕಟಣೆ ಹೊರಬಿತ್ತು: "ಹಾಜರಾದವರು ಒಬ್ಬರು. ಅನುತ್ತೀರ್ಣರಾದವರೂ ಅವರೇ. ಪರೀಕ್ಷೆಯ ಗುಣಮಟ್ಟ ಇದರಿಂದ ಸಾಬೀತಾಗಿದೆ." ಯುಗಾದಿ ಬಾಗಿಲಿಗೆ ಬಂದಿತ್ತು. ಮರುಪರೀಕ್ಷೆಯಲ್ಲಿ ಚಹಾ ಎಂದು ಬರೆದು, ಇರಲಿ ಎಂದು ಶುಂಠಿ, ಯಾಲಕ್ಕಿಯನ್ನೂ ಸೇರಿಸಿದಳು. ಉನ್ನತ ಶ್ರೇಣಿ ಬಂತು, ನೌಕರಿ ಉಳಿಯಿತು.

ಪರೀಕ್ಷೆಯಲ್ಲಿ ಸಿದ್ಧವಾದದ್ದನ್ನು ಆಚರಣೆಗೆ ತರುವುದು ಕ್ರಮ. ಅಧ್ಯಕ್ಷರ ಫೋಟೋದ ಕೆಳಗೆ ಹಬೆಯಾಡುವ ಚಹಾದ ಚಿತ್ರ ಸೇರಿತು, ಅದೂ ಅಷ್ಟೇ ದೊಡ್ಡದು. ಪುಟ ಮತ್ತಷ್ಟು ನಿಧಾನವಾಯಿತು. ಅವಸರದವರು ಬರುವುದನ್ನೇ ಬಿಟ್ಟರು. ಉಳಿದವರು, ಪಾಪ, ಬಹಳ ಹೊತ್ತು ಕುಳಿತರು. ಒಬ್ಬೊಬ್ಬರು ತಾಣದಲ್ಲಿ ಕಳೆಯುವ ಸಮಯ ದುಪ್ಪಟ್ಟಾಯಿತು.

ಮಂಡಳಿ ಹಿಗ್ಗಿಹೋಯಿತು. "ನೋಡಿದೇನ ತಂಗಿ! ಈಗ ಯಾಕ ಕುಂತಾರ, ಹೇಳು?" ಎಂದರು ಅಧ್ಯಕ್ಷರು.

ಪ್ರಮಾಣಿತ ವಿಶ್ಲೇಷಕಿ ಸುನಿತಾ ಗಣಕಯಂತ್ರದ ತೆರೆಯನ್ನು ನೋಡಿದಳು. ಅಧ್ಯಕ್ಷರ ರುಮಾಲು ಪೂರ್ತಿ ಮೂಡಿತ್ತು, ಕೆಳಗೆ ಚಹಾದ ಕಪ್ಪು-ಬಸಿಯ ಸುಳಿವು ಕೂಡ ಇನ್ನೂ ಇರಲಿಲ್ಲ.

"ಚಾ ಬರ್ತೈತಿ ಅಂತ ಕಾಯಾಕತ್ತಾರ್ರಿ," ಎಂದಳು.

ಅವಳು ಕಂಡ ಕಾರಣವೂ ಮಂಡಳಿಯ ಮಾದರಿ ಉತ್ತರವೂ ಒಂದೇ ಆದದ್ದು ಅದೇ ಮೊದಲು. ಗುರುಸಿದ್ದವ್ವನವರು ಸಂತೋಷದಿಂದ ಎಲ್ಲರಿಗೂ ಚಹಾ ತರಿಸಿದರು. ಸುನಿತಾ ಬಸಿಗೆ ಸುರುವಿಕೊಂಡು ಪೂರ್ತಿ ಕುಡಿದೇ ಎದ್ದಳು.